ಬಲಗೈಯ ಹೊಸ ಅಚ್ಚು

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಮೊನ್ನೆ ಸಿಕ್ಕಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ.

ಪ್ರೆಸ್ಸಿನ ಬೆಂಕಿಯಲ್ಲಿ ಸುಟ್ಟ ಬಲಗೈಗೆ ಹೋದ ತಿಂಗಳು ಹೊಸ ಚರ್ಮ ಹಾಕಿದರು. ನನ್ನ ತೊಡೆಯಿಂದ ಚೂರು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಬೆಳೆಸಿ, ಶಾಯಿಯ ಹಾಗೆ ಯಂತ್ರಕ್ಕೆ ತುಂಬಿ, ಗಾಯದ ಮೇಲೆಯೇ ಸಾಲುಸಾಲಾಗಿ ಅಚ್ಚು ಹಾಕಿದರು. "ಮೊದಲು ಪ್ರೂಫ್ ತೋರಿಸ್ತೀರಾ?" ಎಂದು ಕೇಳಿಬಿಟ್ಟೆ. ಹನ್ನೆರಡು ವರ್ಷ ಪ್ರೂಫ್ ತಿದ್ದಿದ ಅಭ್ಯಾಸ. "ಇದಕ್ಕೆ ಪ್ರೂಫ್ ಇಲ್ಲಮ್ಮ, ನೇರ ಅಚ್ಚೇ" ಎಂದು ಡಾಕ್ಟರು ನಕ್ಕರು. ನಿಮ್ಮ ಮಗ ಇದ್ದಿದ್ದರೆ ಯಂತ್ರಕ್ಕೆ ಎಣ್ಣೆ ಎಲ್ಲಿ ಬಿಡುತ್ತೀರಿ ಎಂದು ಕೇಳುತ್ತಿದ್ದರು.

ಚರ್ಮ ಚೆನ್ನಾಗಿ ಕೂಡಿಕೊಂಡಿದೆ. ಮುಟ್ಟಿದರೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಕೊನೆಗೆ ಅವನ ಕೈ ಹಿಡಿದಿದ್ದೆಯಾ ಎಂದು ಕೇಳಿದ್ದೀರಿ. ಹಿಡಿದಿದ್ದೆ. ಉರಿಯುವ ಪ್ರೆಸ್ಸಿನ ಬಾಗಿಲವರೆಗೂ ಬಿಟ್ಟಿರಲಿಲ್ಲ. ಇದೇ ಕೈ. ಅಚ್ಚು ಹಾಕುವ ಮೊದಲು ಆ ಚರ್ಮವನ್ನು ಕೆರೆದು ತೆಗೆದರು.

ಹೊಸ ಚರ್ಮಕ್ಕೆ ಬಿಸಿಲು ತಾಗಬಾರದಂತೆ. ನಿಮ್ಮ ಮಗ ಮಷೀನ್ ಒರೆಸುವಾಗ ಹಾಕುತ್ತಿದ್ದ ಹತ್ತಿಯ ಕೈಗವಸುಗಳು ನಿಮ್ಮಲ್ಲಿಗೆ ಬಂದ ಅವರ ಬಟ್ಟೆಗಳ ಚೀಲದಲ್ಲಿವೆ. ಬಲಗೈಯದನ್ನು ಒಗೆದು ಕಳಿಸಿ. ದೊಡ್ಡದಾದರೂ ಪರವಾಗಿಲ್ಲ.

ಎಡಗೈಯದು ನಿಮ್ಮ ಹತ್ತಿರವೇ ಇರಲಿ. ಅದನ್ನು ಒಗೆಯಬೇಡಿ.

ನಿಮ್ಮ ಸೊಸೆ