ಅಪ್ಪನ ಉಪ್ಪುನೀರಿನ ತೊಟ್ಟಿ

ಅಣ್ಣಾ,

ದಯವಿಟ್ಟು ಇನ್ನು ಮೀನು ಕಳಿಸಬೇಡ. ನೀನು ಕೊಟ್ಟ ಎರಡು ಹವಳದ ಮೀನುಗಳೂ ಸತ್ತವು. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಫೋನಿನಲ್ಲಿ ರೇಗಿದೆಯಲ್ಲ, ಕೇಳು. ಉಪ್ಪನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ಬೆರೆಸುತ್ತಿದ್ದ ಅಪ್ಪ, ಮೊನ್ನೆ ಬರೀ ನಲ್ಲಿನೀರನ್ನೇ ತೊಟ್ಟಿಗೆ ಸುರಿದರು. ಅವರ ಟಿಪ್ಪಣಿ ಪುಸ್ತಕದಲ್ಲಿ ಒಂದೇ ಬೆಳಿಗ್ಗೆ ನಾಲ್ಕು ಸಲ "ಮೀನಿಗೆ ಊಟ ಹಾಕಿದೆ" ಎಂದು ಬರೆದಿದ್ದಾರೆ. ಆ ಹಾಳೆಯನ್ನು ಇದರೊಂದಿಗಿಟ್ಟಿದ್ದೇನೆ. "ವಯಸ್ಸಾಯ್ತು, ಬಿಡೇ" ಅಂತ ಇನ್ನೊಮ್ಮೆ ಹೇಳಬೇಡ, ಕೇಳಿ ಕೇಳಿ ತಲೆ ಕೆಟ್ಟಿದೆ.

ಸೋಮವಾರ ಡಾಕ್ಟರಿಗೆ ತೋರಿಸಬೇಕು. ನಾನು ಕರೆದರೆ, "ನಂಗೇನಾಗಿದೆ? ನೀನೇ ತೋರಿಸ್ಕೊ" ಅಂತಾರೆ. ನಿನ್ನ ಮಾತು ಕೇಳುತ್ತಾರೆ, ಭಾನುವಾರವೇ ಬಾ. ಅವರೆದುರು ಮೀನಿನ ಸುದ್ದಿ ಮಾತ್ರ ಎತ್ತಬೇಡ. ನನ್ನ ಕೈಯಿಂದಲೇ ಸತ್ತವು ಅಂತ ಅವರಿಗೆ ಹೇಳಿದ್ದೇನೆ.

ನಿನ್ನ ತಂಗಿ