ಅದೇ ಬೆಲೆ, ಮೂರನೆಯ ಸಲ

ಹೊಸ ಮನೆಯ ಅಡುಗೆಕಟ್ಟೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಕು

ನನ್ನ ಮುದ್ದು ಅಕ್ಕಾ,

ನಿನ್ನ ಅಂಕಿ ಗೆದ್ದಿತು, ಒಂಬತ್ತು ಪಾಯಿಂಟ್ ನಾಲ್ಕು, ಸರ್ಕಾರದ ವಾರ್ಷಿಕ ವರದಿಯ ಅರವತ್ತೊಂದನೇ ಪುಟದಲ್ಲಿ ರಾಣಿಯ ಹಾಗೆ ಅಚ್ಚಾಗಿ ಕೂತಿದೆ! ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ಸುದ್ದಿ ಎಂದು ನೀನೇ ಕಲಿಸಿದ್ದು. ತಾಳಲಾಗಲಿಲ್ಲ, ಕ್ಷಮಿಸು. ಹೇಗಿದ್ದೀಯ? ಕೆಮ್ಮು ಹೋಯಿತೇ? ಕಡತಗಳ ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ‘ಚೆನ್ನಾಗಿದ್ದೇನೆ’ ಎಂದು ಮಾತ್ರ ಬರೆಯಬೇಡ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಸುದ್ದಿ ಬಂದದ್ದು ಹೀಗೆ. ನಿನಗೆ ಗೊತ್ತಲ್ಲ, ವರದಿಗಳು ಅಚ್ಚಾಗುವುದು ಇವರು ಕೆಲಸ ಮಾಡುವ ಮುದ್ರಣಾಲಯದಲ್ಲೇ. ಕರಡು ತಿದ್ದುವವರಿಗೆ ಬಾಯಿಗೆ ಬೀಗವಂತೆ, ಬಿಡುಗಡೆಯಾಗುವವರೆಗೆ ಹೆಂಡತಿಗೂ ಉಸಿರೆತ್ತುವ ಹಾಗಿಲ್ಲವಂತೆ. ನಿನ್ನೆ ವರದಿ ಬಿಡುಗಡೆಯಾಯಿತು. ಸಂಜೆ ಇವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು, ಇನ್ನೂ ಶಾಯಿಯ ವಾಸನೆ ಹೋಗದ ಪುಸ್ತಕ ತೆರೆದು, “ನೋಡು, ನಿಮ್ಮಕ್ಕನ ಅಂಕಿ ಇದೇನಾ?” ಎಂದರು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಬೆಲೆ ಏರಿಕೆಯ ಹಿಂದಿನ ಅಂಕಿಯನ್ನು ಮರುಪರಿಶೀಲನೆಯ ನಂತರ ತಿದ್ದಲಾಗಿದೆ’ ಎಂದಿದೆ. ನಿನ್ನ ಹೆಸರಿಲ್ಲ, ನಿನ್ನನ್ನು ದೂರದ ಊರಿಗೆ ವರ್ಗ ಮಾಡಿ ಎಸೆದ ಮಾತಂತೂ ಇಲ್ಲವೇ ಇಲ್ಲ. “ಚುಕ್ಕೆ ಆಚೀಚೆ ಆಗಬಾರ್ದು ಅಂತ ಮೂರು ಸಲ ಓದಿದೀನಿ ಕಣೇ” ಎಂದು ಇವರು ಹೇಳಿದಾಗ, ಮದುವೆಯಾದದ್ದು ಸಾರ್ಥಕ ಅನ್ನಿಸಿತು! ಕುಣಿದೆ. ಕುಣಿದು ಅತ್ತುಬಿಟ್ಟೆ. ಇವರು ಗಾಬರಿಯಾಗಿ ನೀರು ತಂದುಕೊಟ್ಟರು.

ನಿಮ್ಮ ಅಂಕಿಅಂಶ ಇಲಾಖೆಯ ನಿರ್ದೇಶಕರ ಮಾತನ್ನು ನೀನು ಅಣಕಿಸಿ ತೋರಿಸಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. “ಏನಮ್ಮಾ, ಎಂಟರ ಕೆಳಗೆ ತಂದ್ರೆ ಯಾರ ಗಂಟು ಹೋಗುತ್ತೆ?” “ಅಂಗಡಿಗೆ ಹೋಗೋರ ಗಂಟು ಹೋಗುತ್ತೆ ಸಾರ್.” ಆ ಅಂಕಿ ಇಳಿದರೆ ಕೂಲಿಯವರ, ಪಿಂಚಣಿಯವರ ತುಟ್ಟಿಭತ್ಯೆಯೂ ಇಳಿಯುತ್ತದೆ ಎಂದು ನೀನು ನನಗೆ ಬೆಂಕಿಕಡ್ಡಿ ಜೋಡಿಸಿ ಅರ್ಥ ಮಾಡಿಸಿದ್ದೆ. ಹತ್ತೊಂಬತ್ತು ವರ್ಷದ ಸೇವೆಗೆ ಸಿಕ್ಕಿದ ಬಹುಮಾನ, ಕಿಟಕಿ ತೆರೆದರೆ ಗೋಡೆ ಕಾಣುವ ಆ ಕಡತದ ಕೋಣೆ. ‘ಗೋಡೆ ಬಹಳ ಸಭ್ಯ, ಎದುರು ಮಾತಾಡುವುದಿಲ್ಲ’ ಎಂದು ಅಲ್ಲಿಂದ ಮೊದಲ ಪತ್ರದಲ್ಲಿ ಬರೆದಿದ್ದೆ. ಎಷ್ಟು ನಕ್ಕಿದ್ದೆ ಗೊತ್ತಾ! ಈಗ ಓದಿದರೆ ನಗು ಬರುವುದಿಲ್ಲ.

ಏಕೆಂದರೆ ನನಗೂ ಒಂದು ಗೋಡೆ ಸಿಕ್ಕಿದೆ. ಇವರು ತುಂಬ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಂಟಕ್ಕೆ ಹೋದರೆ ಆರಕ್ಕೆ ಬರುತ್ತಾರೆ. ನಡುವೆ ಈ ಮನೆಯಲ್ಲಿ ನಾನು ಮತ್ತು ನಲ್ಲಿ, ಇಬ್ಬರೇ. ಬೈತಲೆ ನೆಟ್ಟಗಿದೆಯಾ ಎಂದು ಕನ್ನಡಿಯ ಮುಂದೆ ನಿಂತು “ಅಕ್ಕಾ” ಎಂದು ಕರೆದುಬಿಡುತ್ತೇನೆ. ಮದುವೆಯಾದ ಮೂರು ತಿಂಗಳಿಗೇ ಹೀಗೆ ಅನ್ನಿಸಬಹುದು ಎಂದು ಯಾರೂ ಹೇಳಿರಲಿಲ್ಲ. ಬೇಜಾರಾದಾಗ ಬೀದಿಗೆ ಹೋಗಿ ಸೋಪು, ಬಲ್ಬು, ಛತ್ರಿಯ ಬೆಲೆ ಕೇಳಿ ಏನೂ ಕೊಳ್ಳದೆ ಬರುತ್ತೇನೆ. ನಿನ್ನ ಜೊತೆ ರಜೆಯಲ್ಲಿ ಬೆಲೆ ಬರೆದುಕೊಳ್ಳಲು ಅಲೆದ ಚಾಳಿ! ಆ ಕ್ಷೌರಿಕ ನೆನಪಿದ್ದಾನಾ? “ಮೇಡಂ, ಪ್ರತಿ ವಾರ ರೇಟು ಕೇಳ್ತೀರಲ್ಲ, ಒಂದ್ಸಲ ಕೂತು ಕತ್ತರಿಸಿಕೊಂಡಾದ್ರೂ ಹೋಗಿ!”

ಇನ್ನೊಂದು ನೆನಪು ನಾಲ್ಕು ದಿನದಿಂದ ಕಾಡುತ್ತಿದೆ. ಯಾವುದೋ ಊರಿನಿಂದ ಬೂಟಿನ ಬೆಲೆ ಮೂರು ತಿಂಗಳು ಒಂದೇ ಸಮನೆ ಬಂದಿತ್ತು. ಎಲ್ಲರೂ ಸರಿಯಾಗಿದೆ ಎಂದು ಸಹಿ ಹಾಕಿದ್ದರು. ನೀನು ಮಾತ್ರ, “ಮೂರು ಸಲ ಅದೇ ಬೆಲೆ ಬಂದ್ರೆ ಅದು ಬೆಲೆಯಲ್ಲ ಕಣೇ, ಹಳೇ ಹಾಳೆ ನೋಡಿ ನಕಲು ಮಾಡಿದ್ದು. ಸ್ಥಳಕ್ಕೇ ಹೋಗಬೇಕು” ಎಂದು ನನ್ನನ್ನೂ ಬಸ್ಸಿಗೆ ಹತ್ತಿಸಿದೆ. ಹೋಗಿ ನೋಡಿದರೆ ಅಂಗಡಿಯೇ ಮುಚ್ಚಿತ್ತು. ಬೀಗಕ್ಕೆ ತುಕ್ಕು ಹಿಡಿದಿತ್ತು.

ಅಕ್ಕಾ, ಹೋದ ತಿಂಗಳು ನೀನು ‘ಸಾಕಾಗಿದೆ, ರಾಜೀನಾಮೆ ಬರೆದಿಟ್ಟಿದ್ದೇನೆ, ಮುಂದಿನ ತಿಂಗಳ ಕೊನೆಗೆ ಕೊಡುತ್ತೇನೆ’ ಎಂದು ಬರೆದೆ. ಅದಾದ ಮೇಲೆ ಮೂರು ಪತ್ರ ಬಂದಿವೆ. ಮೂರನ್ನೂ ಈಗ ಕಟ್ಟೆಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದೇನೆ. ‘ಚೆನ್ನಾಗಿದ್ದೇನೆ. ಊಟ ಸರಿಯಾಗಿದೆ. ನಿದ್ದೆ ಬರುತ್ತದೆ.’ ಮೂರರಲ್ಲೂ ಅದೇ ಮೂರು ಸಾಲು. ಒಂದು ತಮಾಷೆಯಿಲ್ಲ, ಗೋಡೆಯ ಸುದ್ದಿಯೂ ಇಲ್ಲ.

ರಾಜೀನಾಮೆ ಕೊಡಬೇಡ ಎಂದು ಹೇಳಲು ನಾನ್ಯಾರು? ಕೊಡುವುದಾದರೆ ಅರವತ್ತೊಂದನೇ ಪುಟ ಕಣ್ಣಾರೆ ನೋಡಿ ಕೊಡು. ಸೋತೆ ಎಂದುಕೊಂಡು ಮಾತ್ರ ಕೊಡಬೇಡ.

ಇವರು ನಿನಗೆ ನಮಸ್ಕಾರ ಹೇಳಿದ್ದಾರೆ. ಗೋಡೆಗೂ ನನ್ನದೊಂದು ತಿಳಿಸು.

ನಿನ್ನ ಬಾಯಿಬಡುಕಿ ತಂಗಿ,
ವಟವಟ

ಮರೆತೆ: ತನಿಖೆಗೆ ಹೋಗುವವರು ಮೊದಲೇ ತಿಳಿಸಬಾರದು ಎಂಬುದೂ ನಿನ್ನದೇ ನಿಯಮ. ಆದರೆ ನನ್ನ ಹೊಟ್ಟೆಯಲ್ಲಿ ಯಾವ ಗುಟ್ಟು ನಿಂತಿದೆ ಹೇಳು? ನಿನ್ನೂರಿಗೆ ಟಿಕೆಟ್ ಆಗಿದೆ, ವರದಿ ಚೀಲದಲ್ಲಿದೆ. ಭಾನುವಾರ ಬೆಳಿಗ್ಗೆ, ಹತ್ತೂ ಇಪ್ಪತ್ತರ ಪ್ಯಾಸೆಂಜರ್.