ಅವ್ವನ ಮುಖಕ್ಕೆ ನೀನಿಟ್ಟ ಹೆಸರು

ಶಹಾಬಾದ
೪ ನವೆಂಬರ್ ೨೦೨೫, ಮಂಗಳವಾರ

ಸುರೇಶಣ್ಣ,

ನಿನ್ನ ಮನೆಯ ವಿಡಿಯೊ ಬೆಲ್ಲಿನಲ್ಲಿ ನಮ್ಮ ಅವ್ವನ ಮುಖಕ್ಕೆ ನೀನು 'ಕೆಲಸದಾಕಿ' ಎಂದು ಹೆಸರು ಕೊಟ್ಟಿದ್ದೀ. ಹೆತ್ತವಳು ಬಂದು ಬಾಗಿಲಲ್ಲಿ ನಿಂತರೆ ಒಳಗಿನ ಸ್ಪೀಕರ್ ಮನೆಗೆಲ್ಲ ಕೇಳುವಂತೆ ಕೆಲಸದಾಕಿ ಬಂದಿದ್ದಾಳೆ ಎಂದು ಸಾರುತ್ತದೆ. ಇದನ್ನು ಮೊದಲ ಸಾಲಿನಲ್ಲೇ ಬರೆದೆ. ಕೆಳಗೆ ಬರೆದರೆ ನೀನು ಅಲ್ಲಿಯವರೆಗೆ ಓದುವುದಿಲ್ಲ.

ಇನ್ನು ಕ್ಷೇಮ ಸಮಾಚಾರ. ನಾನೂ ಅವ್ವನೂ ಚೆನ್ನಾಗಿದ್ದೇವೆ. ಭಾಗ್ಯ ವೈನಿ, ಕೂಸು ಚೆನ್ನಾಗಿದ್ದಾರೆಂದು ತಿಳಿದಿದ್ದೇನೆ. ನೀನು ದೀಪಾವಳಿ ಮುಗಿದ ವಾರ ಫೋನ್ ಮಾಡಿ ಬೆಲ್ ಕೆಟ್ಟಿದೆ ಎಂದಿದ್ದೀ. ಉತ್ತರ ತಡವಾಯಿತು, ಮನ್ನಿಸು. ಕೆಟ್ಟದ್ದು ಯಾವುದು ಎಂದು ಹುಡುಕಲು ನನಗೆ ಇಷ್ಟು ದಿನ ಬೇಕಾಯಿತು. ಫೋನಿನಲ್ಲಿ ಹೇಳಿದರೆ ನೀನು ಮೀಟಿಂಗಿನಲ್ಲಿ ಇದ್ದೀನಿ ಅನ್ನುತ್ತೀ, ವಾಟ್ಸಾಪಿನಲ್ಲಿ ಬರೆದರೆ ಅಳಿಸುತ್ತೀ. ಅದಕ್ಕೇ ಕಾಗದ. ನಾಳೆ ಸಾಮಾನು ಕೊಡಲು ಸೇಡಂಗೆ ಬರುವ ನಮ್ಮ ಕ್ಯಾಮೆರಾ ಅಂಗಡಿಯ ಅಬ್ದುಲ್ ಕರೀಮ್ ಚಾಚಾ ಇದನ್ನು ನಿನ್ನ ಕೈಗೇ ಕೊಡುತ್ತಾರೆ.

ಅವತ್ತು ನೀನು ಅಂದದ್ದು ನೆನಪಿದೆಯಲ್ಲ? "ಲುಂಬಿನಿ, ನೀ ಹಾಕಿದ ಬೆಲ್ಲಿಗೆ ಹುಚ್ಚು ಹಿಡದದ ನೋಡವಾ. ಬಾಗಿಲಾಗ ಯಾರೂ ಇರಂಗಿಲ್ಲ, ಯಾರೂ ಒತ್ತಿರಂಗಿಲ್ಲ, ಸುಮ್‌ಸುಮ್ನ ಒದರ್ತದ."

"ಏನಂತ ಒದರ್ತದ?" ಎಂದು ಕೇಳಿದೆ.

ನೀನು ಮಾತು ತೇಲಿಸಿ, "ಏನೋ ಒದರ್ತದ ಬಿಡು. ನೀ ರಿಪೇರಿ ಮಾಡು" ಅಂದೆ. ಯಾಕೆ ತೇಲಿಸಿದೆ ಎನ್ನುವುದು ಈಗ ತಿಳಿದಿದೆ.

ಆ ಬೆಲ್ಲನ್ನು ಹಾಕಿದವಳು ನಾನೇ. ಆಷಾಢದಲ್ಲಿ ಚಾಚಾರ ಅಂಗಡಿಯಿಂದ ಡ್ರಿಲ್ ಹೊತ್ತುಕೊಂಡು ಬಂದು, ನಿನ್ನ ಬಾಗಿಲ ಪಕ್ಕದ ಶಹಾಬಾದ ಕಲ್ಲಿಗೆ ತೂತು ಕೊರೆದೆ. ನಮ್ಮ ಅಪ್ಪ ದಶರಥ ಪಾಲಿಶ್ ಮಷೀನಿನ ಮುಂದೆ ನಿಂತು ಕೆಮ್ಮಿ ಕೆಮ್ಮಿ ಹೊಳಪು ಕೊಡುತ್ತಿದ್ದಂಥದ್ದೇ ಕಲ್ಲು. ಬೆಲ್ಲನ್ನು ವೈಫೈಗೆ ಸೇರಿಸಿ, ಪಡಸಾಲೆಯ ಕಿಟಕಿಯಲ್ಲಿ ಮಾತಾಡುವ ಸ್ಪೀಕರ್ ಇಟ್ಟು, ಎರಡಕ್ಕೂ ಗಂಟು ಹಾಕಿದೆ. ಪದೇಪದೇ ಬರುವವರ ಮುಖಕ್ಕೆ ಒಂದೊಂದು ಹೆಸರು ಕೊಡು, ಅವರು ಬಂದಾಗ ಸ್ಪೀಕರೇ ಹೆಸರು ಹಿಡಿದು ಹೇಳುತ್ತದೆ ಎಂದು ನಿನಗೆ ಕಲಿಸಿದವಳೂ ನಾನೇ. ನೀನು ನಕ್ಕು, "ಪಾಸ್‌ವರ್ಡ್ ನೀನೇ ಇಟ್ಕೋ, ನಂಗ ನೆನಪಿರಂಗಿಲ್ಲ" ಅಂದೆ. ಇಟ್ಟುಕೊಂಡೆ. ಒಳ್ಳೆಯದಾಯಿತು.

ಆ ಪಾಸ್‌ವರ್ಡಿನಿಂದ ಇಲ್ಲಿ ಅಂಗಡಿಯಲ್ಲಿ ಕುಳಿತೇ ನಿನ್ನ ಬೆಲ್ಲನ್ನು ತೆರೆದು ನೋಡಿದೆ. ಮುಖಗಳೆಲ್ಲ ಸಾಲಾಗಿದ್ದವು. ನಿನ್ನದು, ವೈನಿಯದು, ಹಾಲಿನವನದು, ಬಾಜೂ ಮನೆಯ ಮಹಾದೇವಮ್ಮನವರದು. ಅವರಿಗೆ 'ಆಂಟಿ' ಎಂದು ಬರೆದಿದ್ದೀ. ಆಮೇಲೆ ಅವ್ವ. ಶ್ರಾವಣದಲ್ಲಿ ನಿನ್ನ ಹೊಸ ಮನೆ ನೋಡಲು ಬಂದಾಗ ಬಿದ್ದ ಚಿತ್ರ. ಕ್ಯಾಮೆರಾ ಅಂತ ಗೊತ್ತಿಲ್ಲದೆ ಹತ್ತಿರ ಬಂದು ಅದರೊಳಗೆ ಇಣುಕಿದ್ದಾಳೆ. ಕೆಳಗೆ ನೀನು ಕೊಟ್ಟ ಹೆಸರು. ಸ್ಪೀಕರಿಗೆ ಕನ್ನಡ ಬಾರದು, ಹಿಂದಿಯಲ್ಲಿ ಹೇಳುತ್ತದೆ, ಹೆಸರನ್ನು ಮಾತ್ರ ನೀನು ಬರೆದ ಹಾಗೇ ಹೇಳುತ್ತದೆ. "ಕೆಲಸದಾಕಿ ದರ್ವಾಜೇ ಪರ್ ಹೈ." ಇಲ್ಲಿ ಅಂಗಡಿಯ ಸ್ಪೀಕರಿನಲ್ಲಿ ಹಾಕಿ ಕೇಳಿದೆ. ಮೂರು ಸಲ ಕೇಳಿದೆ.

ಚಾಚಾ ನನ್ನ ಮುಖ ನೋಡಿ, "ಬೇಟಿ, ಕಸ್ಟಮರ್ ಮನಿ ಜಗಳ ದುಕಾನಕ್ಕ ತರಬ್ಯಾಡ" ಅಂದರು.

"ಕಸ್ಟಮರ್ ಅಲ್ಲ ಚಾಚಾ, ನಮ್ಮಣ್ಣ."

"ಹಂಗಾದ್ರ ಇನ್ನೂ ಕಷ್ಟ. ಕಸ್ಟಮರ್ ಆದ್ರ ಬ್ಯಾರೆ ದುಕಾನಕ್ಕರ ಹೋಗ್ತಾನ. ಅಣ್ಣ ಎಲ್ಲಿ ಹೋಗ್ತಾನ?"

ಮನೆಗೆ ಬಂದಾಗ ಅವ್ವ ಹೊಸ್ತಿಲಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ಫೋನು ಅವಳ ಮುಂದೆ ಹಿಡಿದೆ.

"ಇದು ಯಾವಾಗ ತಗದಿದ್ದವಾ? ಸೆರಗು ನೆಟ್ಟಗಿಲ್ಲ ನೋಡು" ಅಂದಳು.

"ಸೆರಗು ಬಿಡು. ಕೆಳಗ ಏನ್ ಬರದಾನ ಗೊತ್ತದೇನು?"

"ಓದ್ಲಿಕ್ಕ ಎಲ್ಲಿ ಬರ್ತದ ನಂಗ? ಕೇಳೀನಿ. ಅದು ಒದರ್ತದಲ್ಲ."

ಎಷ್ಟು ಸಲೀಸಾಗಿ ಹೇಳಿದಳು ಗೊತ್ತೇ? ದಸರೆಯ ಮರುದಿನ ನಿನಗೆ ಬನ್ನಿ ಕೊಡಲು ಬಂದಿದ್ದಳಲ್ಲ, ಅವತ್ತಿನ ಮಾತು. ನಮಗೆ ಈ ಬನ್ನಿ ಗಿನ್ನಿ ಬೇಡವ್ವ ಎಂದು ನಾನು ಎಷ್ಟು ಪುಸ್ತಿಕೆ ಓದಿ ಹೇಳಿದರೂ ಕೇಳುವವಳಲ್ಲ. ಸೆರಗಿನಲ್ಲಿ ಎಲೆ ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಒಳಗೆ ಓಣಿಯವರು ಬನ್ನಿ ಕೊಟ್ಟು ಚಹಾ ಕುಡಿಯುತ್ತಿದ್ದರು. ಸ್ಪೀಕರ್ ಕೂಗಿತು. ಎಲ್ಲರೂ ತಿರುಗಿ ನೋಡಿದರು. ನೀನು ಎದ್ದು ಹೊರಗೆ ಬಂದು, ದನಿ ತಗ್ಗಿಸಿ, "ಹಿಂದಗಡೆ ಹೋಗಿ ಕುಂದ್ರು" ಅಂದೆ. ಅಷ್ಟೇ ಅಂದೆ. ಆ ಮಾತಿನ ಕೊನೆಗೆ 'ಅವ್ವ' ಎಂಬ ಒಂದು ಪದವನ್ನೂ ಸೇರಿಸಲಿಲ್ಲ.

"ನೀ ಏನ್ ಮಾಡಿದಿ?" ಎಂದು ಕೇಳಿದೆ.

"ಏನ್ ಮಾಡ್ಲಿ? ಮಂದಿ ನೋಡ್ಲಿಕತ್ತಿದ್ರು. ನಳದ ಬಾಜೂ ಕಸಬರಿಗಿ ಇತ್ತು. ತಗೊಂಡು ಅಂಗಳ ಉಡುಗಿದೆ. ಅವನ ಮಾತು ಸುಳ್ಳಾಗಬಾರದಲ್ಲ."

"ಬನ್ನಿ ಎಲಿ?"

"ಸೆರಗು ಬಿಚ್ಚಿ ಬಿದ್ವು. ಕಸದಾಗ ಹೋದ್ವು." ಆಮೇಲೆ ನಕ್ಕಳು. "ಬಾಜೂ ಮನಿಯಾಕಿ ಹೊರಗ ಬಂದು, ಭಾಳ ಚೊಕ್ಕ ಉಡುಗ್ತಿ, ನಮ್ಮನಿಗೂ ಬರ್ತಿಯೇನು ಅಂತ ಕೇಳಿದಳು."

"ನೀ ಏನಂದಿ?"

"ಏನಂತಾರ? ನೋಡ್ತೀನ್ರಿ ಅಂದೆ."

ಅಣ್ಣ, ನಾನು ಎಂಟನೆಯ ತರಗತಿಯಲ್ಲಿದ್ದಾಗ ವಾಡಿಯಲ್ಲಿ ಬಾಬಾಸಾಹೇಬರ ಜಯಂತಿಗೆ ಹಾಕಿದ್ದ ಪುಸ್ತಕದಂಗಡಿಯಲ್ಲಿ ನನಗೆ ಮೊದಲ ಪುಸ್ತಿಕೆ ಕೊಡಿಸಿದವನು ನೀನು. ತೆಳ್ಳನೆಯ ನೀಲಿ ರಟ್ಟಿನದು. ಅದರ ಹಿಂದೆ ನಿನ್ನ ಕೈಯಲ್ಲೇ ಬರೆದಿದ್ದೀ: ಯಾರ ಬಾಗಿಲಲ್ಲೂ ತಲೆ ತಗ್ಗಿಸಬೇಡ. ಅದನ್ನೇ ನಂಬಿ ನಾನು ಶಹಾಬಾದ, ಚಿತ್ತಾಪುರದ ಎಷ್ಟು ದೊಡ್ಡ ಮನೆಗಳಿಗೆ ಕ್ಯಾಮೆರಾ ಹಾಕಲು ಹೋದರೂ ಮುಂಬಾಗಿಲಿನಿಂದಲೇ ಒಳಗೆ ಹೋಗಿದ್ದೇನೆ. ಹಿಂದಿನಿಂದ ಬಾ ಎಂದವರ ಮನೆಯ ಕೆಲಸ ಬಿಟ್ಟು ಬಂದಿದ್ದೇನೆ. ಹಿಂದಿನ ಬಾಗಿಲು ತೋರಿಸುವವರು ಬೇರೆ ಮಂದಿ ಎಂದು ತಿಳಿದಿದ್ದೆ. ಅವರಲ್ಲಿ ಒಬ್ಬ ನಮ್ಮ ಅವ್ವನ ಹಾಲು ಕುಡಿದವನು ಎಂದು ಯಾವ ಪುಸ್ತಿಕೆಯಲ್ಲೂ ಬರೆದಿರಲಿಲ್ಲ.

ನಿನ್ನ ಭಯ ನನಗೆ ಗೊತ್ತಿಲ್ಲವೆಂದಲ್ಲ. ಬಾಡಿಗೆ ಮನೆ ಹುಡುಕುವಾಗ ಎಷ್ಟು ಜನ ಊರು ಕೇಳಿ, ಅಡ್ಡಹೆಸರು ಕೇಳಿ, ಕೊನೆಗೆ ಮನೆ ಕೊಟ್ಟಾಗಿದೆ ಅಂದರು ಎಂದು ನೀನೇ ಹೇಳಿದ್ದೆ. ಅವರ ಮೇಲೆ ಸಿಟ್ಟಾಗಬೇಕಿತ್ತು. ನೀನು ಅವರ ಹಾಗಾಗಲು ಹೊರಟೆ. ಬಾಬಾಸಾಹೇಬರ ಫೋಟೊ ಪಡಸಾಲೆಯಿಂದ ಇಳಿದು ಬೆಡ್‌ರೂಮಿನ ಅಲ್ಮಾರಿಗೆ ಹೋಯಿತು. ಬುದ್ಧನನ್ನು ಮಾತ್ರ ಇಟ್ಟುಕೊಂಡೆ. ಈಗ ಎಲ್ಲರ ಶೋಕೇಸಿನಲ್ಲೂ ಬುದ್ಧನಿದ್ದಾನೆ, ಯಾರೂ ಅನುಮಾನಪಡುವುದಿಲ್ಲ. ಅವ್ವನನ್ನು ಇಡಲು ಶೋಕೇಸಿನಲ್ಲಿ ಜಾಗವಿರಲಿಲ್ಲ.

ಇನ್ನು ನಾನು ಮಾಡಿದ್ದನ್ನು ಕೇಳು. ನಿನ್ನೆ ರಾತ್ರಿ ಎರಡು ಹೆಸರು ಬದಲಿಸಿದೆ. ಅವ್ವನ ಮುಖಕ್ಕೆ 'ಸುರೇಶನ ಅವ್ವ ಅನಸುಬಾಯಿ' ಎಂದು ಕೊಟ್ಟೆ. ನಿನ್ನ ಮುಖಕ್ಕೆ 'ಅನಸುಬಾಯಿ ಮಗ' ಎಂದು ಕೊಟ್ಟೆ. ಸ್ಪೀಕರಿನ ದನಿಯನ್ನು ಪೂರ್ತಿ ಏರಿಸಿದೆ. ಪಾಸ್‌ವರ್ಡ್ ಬದಲಾಗಿದೆ, ಹಳೆಯದು ನಡೆಯುವುದಿಲ್ಲ. ಈ ಕಾಗದ ಕೈಸೇರುವ ಹೊತ್ತಿಗೆ ನೀನದನ್ನು ಕೇಳಿರುತ್ತೀ. ಆಫೀಸಿನಿಂದ ಬಂದು ನಿನ್ನ ಬಾಗಿಲಲ್ಲಿ ನೀನೇ ನಿಂತಾಗ ನೀನು ಯಾರ ಮಗನೆಂದು ಓಣಿಗೆಲ್ಲ ಕೇಳಿಸಿರುತ್ತದೆ. ಇದು ನಾನು ತೀರಿಸಿಕೊಂಡ ಸೇಡು. ಸೇಡಲ್ಲ, ಪಾಠ ಎಂದೆಲ್ಲ ನಾನು ಅನ್ನುವುದಿಲ್ಲ. ಸೇಡೇ. ಬರೆಯುವಾಗ ಹೊಟ್ಟೆ ತಣ್ಣಗಾಗುತ್ತಿದೆ.

ಅದು ಅರ್ಧ. ಉಳಿದರ್ಧ ರವಿವಾರಕ್ಕೆ. ಬೆಲ್ಲಿನ ಮುಂದೆ ಆಡಿದ ಮಾತೂ ಅದರಲ್ಲಿ ಉಳಿಯುತ್ತದೆ, ನಿನಗೆ ಮರೆತಿರಬೇಕು. ಮಹಾದೇವಮ್ಮನವರ ಗಂಡನಿಗೆ ನೀನು ಬಾಗಿಲಲ್ಲಿ ನಿಂತು, "ಐತಾರ ಸಂಜಿ ಆರಕ್ಕ ಕೂಸಿನ ಕೇಕ್ ಕತ್ತರಸ್ತೀವ್ರಿ, ಮನಿಮಂದಿ ಎಲ್ಲಾ ಬರ್ರಿ" ಅಂದದ್ದನ್ನು ಕೇಳಿದೆ. ಅವ್ವನಿಗೆ ಫೋನಿನಲ್ಲಿ, "ಈ ಸಲ ಏನೂ ಮಾಡಂಗಿಲ್ಲವ್ವ, ಕೂಸಿಗಿ ನೆಗಡಿ ಆಗ್ಯದ" ಅಂದದ್ದೂ ನನ್ನ ಎದುರಿಗೇ.

ಅವ್ವನಿಗೆ ನಾನು ಒಂದು ಸುಳ್ಳು ಹೇಳಿದ್ದೇನೆ. ಅಣ್ಣ ಮತ್ತೆ ಫೋನ್ ಮಾಡಿದ್ದ, ನಿನ್ನನ್ನು ಕರೆದುಕೊಂಡು ಬಾ ಅಂದ ಎಂದೆ. ಅವ್ವ ಎರಡು ಸಲ ಕೇಳಿದಳು. "ಖರೇನ? ಮಂದಿ ಬರೋ ಹೊತ್ತಿಗೇ ಬಾ ಅಂದನ?" ಹೌದು ಅಂದೆ. ಆವಾಗಿನಿಂದ ಕೂಸಿನ ತಲೆಗೆ ಹಾಕುವ ಕುಂಚಿಗಿ ಹೊಲಿಯುತ್ತಿದ್ದಾಳೆ. ಅಪ್ಪನ ಮದುವೆಯ ರೇಷ್ಮೆ ರುಮಾಲು ಕತ್ತರಿಸಿ ಹೊಲಿಯುತ್ತಿದ್ದಾಳೆ. ಅದನ್ನು ಪೆಟ್ಟಿಗೆಯಿಂದ ತೆಗೆದದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ. ನನ್ನ ಸುಳ್ಳನ್ನು ನಿಜ ಮಾಡುವುದು ಈಗ ನಿನ್ನ ಕೆಲಸ.

ಬೆಲ್ ಕಿತ್ತು ಹಾಕೋಣ ಎಂದು ನಿನಗೆ ಅನಿಸಬಹುದು. ಕಿತ್ತು ಹಾಕು, ನಾಲ್ಕು ಸ್ಕ್ರೂ ಇವೆ. ಆಗ ನಾನೇ ಗೇಟಿನಲ್ಲಿ ನಿಂತು ಕೂಗುತ್ತೇನೆ. ನನ್ನ ದನಿಯನ್ನು ತಗ್ಗಿಸುವ ಬಟನ್ ಯಾರ ಬಳಿಯೂ ಇಲ್ಲ. ಇಲ್ಲವಾದರೆ ಯಂತ್ರ ಬಾಯಿ ತೆರೆಯುವ ಮೊದಲು ನೀನು ಗೇಟಿಗೆ ಬಾ. ಆಂಟಿ, ಅಂಕಲ್ ಎಲ್ಲರ ಮುಂದೆ, ಇಕಿ ನಮ್ಮವ್ವ ಅನ್ನು. ಅಂದರೂ ನನ್ನ ಸಿಟ್ಟು ಆರುತ್ತದೆ ಎಂದು ತಿಳಿಯಬೇಡ. ಅವ್ವನಿಗಂತೂ ಸಿಟ್ಟು ಹುಟ್ಟಿಯೇ ಇಲ್ಲ. ಅದೇ ನನಗೆ ತಡೆಯಲು ಆಗದ್ದು.

ವೈನಿಗೆ ನಮಸ್ಕಾರ ಹೇಳು. ಕೂಸು ನೂರು ವರ್ಷ ಬಾಳಲಿ, ಅಜ್ಜಿಯ ಹಾಗೆ ನೆಟ್ಟಗೆ ನಡೆಯಲಿ. ಜೈ ಭೀಮ್. ಇದನ್ನು ಓದಿ ಆಚೀಚೆ ನೋಡಬೇಡ, ನಾನು ಮೆಲ್ಲಗೇ ಬರೆದಿದ್ದೇನೆ.

ನಿನ್ನ ತಂಗಿ,
ಲುಂಬಿನಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ನೀನು ಕೇಳಿದ್ದು ರಿಪೇರಿ, ಅದರ ಉತ್ತರ ಇನ್ನೂ ಕೊಟ್ಟಿಲ್ಲ. ಯಾರೂ ಇಲ್ಲದಾಗ ಬೆಲ್ ಯಾಕೆ ಒದರುತ್ತದೆ?

ಯಾರೂ ಇಲ್ಲದೆ ಅದು ಒದರಿಲ್ಲ. ಅದರಲ್ಲಿ ಉಳಿದ ವಿಡಿಯೊಗಳನ್ನು ನೀನು ಒಮ್ಮೆಯೂ ತೆರೆದಿಲ್ಲ, ನಾನು ತೆರೆದೆ. ಮೊಣಕಾಲಿಗೆ ಕರೆಂಟು ಕೊಡಿಸಲು ಸೇಡಂ ದವಾಖಾನೆಗೆ ಹೋಗುತ್ತೇನೆ ಎಂದು ಅವ್ವ ವಾರಕ್ಕೆರಡು ಸಲ ಮುಂಜಾನೆ ಮನೆ ಬಿಡುತ್ತಿದ್ದಳು. ಅವಳು ಹೋಗುತ್ತಿದ್ದದ್ದು ಮಹಾದೇವಮ್ಮನವರ ಮನೆಗೆ, ಕೆಲಸಕ್ಕೆ. ಆ ಓಣಿಯಲ್ಲಿ ಕಾಲಿಡಲು ಅವಳಿಗೆ ಒಂದು ನೆಪ ಬೇಕಿತ್ತು. ಬಕೆಟ್ ಹಿಡಿದು ಹೋಗುತ್ತ ನಿನ್ನ ಗೇಟಿನಲ್ಲಿ ನಿಲ್ಲುತ್ತಾಳೆ, ಸರಳುಗಳ ನಡುವೆ ಮುಖವಿಟ್ಟು ನೋಡುತ್ತಾಳೆ. ಆ ಹೊತ್ತಿಗೆ ಸರಿಯಾಗಿ ವೈನಿ ಕೂಸನ್ನು ಎತ್ತಿಕೊಂಡು ಹೊರಗೆ ಅಂಗಳಕ್ಕೆ ಬರುತ್ತಾಳೆ. ಕೂಸಿನ ಮುಖವನ್ನು ಗೇಟಿನ ಕಡೆ ತಿರುಗಿಸಿ ನಿಲ್ಲುತ್ತಾಳೆ. ನಿನ್ನ ಜೊತೆ ವೈನಿಯ ಮೇಲೂ ಇದ್ದ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು.

ಕಳೆದ ಶನಿವಾರ ಮಹಾದೇವಮ್ಮನವರೂ ಹಿಂದೆಯೇ ಬಂದು ಗೇಟಿನಲ್ಲಿ ನಿಂತರು. ಕೂಸು ಕೈ ಆಡಿಸಿತು. ಅವ್ವ, ಕೇಳುವವರು ಇದ್ದಾರಲ್ಲ, "ಟಾಟಾ ರೀ ಸಣ್ಣ ಸಾಹೇಬ್ರ" ಅಂದಳು. ತನ್ನ ಮೊಮ್ಮಗನಿಗೆ.

ಮಹಾದೇವಮ್ಮನವರು ಅಂದರು, "ಎಷ್ಟ್ ಚೆಂದ ಅದ ನೋಡು ಕೂಸು. ಇದರ ಅಜ್ಜಿ ಐನಾಪುರದಾಗ ಹೊಲ ನೋಡ್ಕೊಂಡು ಇರ್ತಾಳಂತ, ಸುರೇಶಕುಮಾರ ಹೇಳಿದ. ಒಂದ್ ದಿನಾನೂ ಮಮ್ಮಗನ ಮಾರಿ ನೋಡ್ಲಿಕ್ಕ ಬಂದಿಲ್ಲ. ಎಂಥಾ ಕಲ್ಲೆದಿ ಇರಬೇಕು ಆ ಹೆಂಗಸಿಂದು."

ನಮಗೆ ಐನಾಪುರದಲ್ಲಿ ಒಂದು ಗೇಣು ಹೊಲವೂ ಇಲ್ಲ ಎಂದು ಅವ್ವ ಹೇಳಲಿಲ್ಲ. ಬಕೆಟ್ಟನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಹೌದ್ರೀ ಅಕ್ಕೋರೆ, ಕಲ್ಲೆದಿನೇ" ಅಂದಳು.

ಆಗಲೇ, ಗೇಟಿನವರೆಗೂ ಕಾಣುವ ಬೆಲ್ ಅವ್ವನ ಮುಖ ಗುರುತಿಸಿ, ನಿನ್ನ ಸ್ಪೀಕರ್ ಒದರಿತು. ನೀನು ಬಾಗಿಲು ಸ್ವಲ್ಪ ತೆರೆದೆ, ಬಾಗಿಲ ಮುಂದೆ ಯಾರೂ ಇಲ್ಲ ಅಂದೆ, ಮುಚ್ಚಿದೆ. ಗೇಟಿನ ಕಡೆ ನೋಡಲಿಲ್ಲ. ಅದೂ ಅದರಲ್ಲಿದೆ.

ಬೆಲ್ ಸರಿಯಾಗಿದೆ ಅಣ್ಣ. ಅವ್ವ ನಿನ್ನ ಗೇಟಿನಲ್ಲಿ ಮತ್ತೆ ನಿಲ್ಲುತ್ತಾಳೆ, ಈ ಸಲ ಬಕೆಟ್ ಇಲ್ಲದೆ, ನನ್ನ ಕೈ ಹಿಡಿದು. ರವಿವಾರ, ನವೆಂಬರ್ ಒಂಬತ್ತು, ಸಂಜೆ ಆರು ಗಂಟೆಗೆ.